ಬೈಕ್ ಹಿಡಿದು ನಿಂತವನ ಮೇಲೂ ಕೊಲೆ ಕೇಸ್ ಯಾಕೆ?

ಪ್ರಶ್ನೆ: ನಾನು ಗಂಗಾವತಿ ತಾಲೂಕಿನವಳು. ನನ್ನ ತಮ್ಮನಿಗೆ 23 ವರ್ಷ, ಬಾಡಿಗೆಗೆ ಟಂಟಂ ಓಡಿಸುತ್ತಿದ್ದ. ಕಳೆದ ಭತ್ತದ ಸುಗ್ಗಿಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರೊಬ್ಬರು ರೈತರಿಗೆ ಕೊಡುವ ಹಣ ತೆಗೆದುಕೊಂಡು ಸಂಜೆ ಕಾಲುವೆ ರಸ್ತೆಯಲ್ಲಿ ಬರುತ್ತಿದ್ದರು. ಅವರನ್ನು ಅಡ್ಡಗಟ್ಟಿ ಬ್ಯಾಗ್ ಕಿತ್ತುಕೊಳ್ಳಬೇಕು ಅಂತ ಹುಡುಗರು ಪ್ಲಾನ್ ಮಾಡಿದ್ದರಂತೆ. ಇಬ್ಬರು ಅಡ್ಡಗಟ್ಟಿದರು. ಒಬ್ಬ ಕ್ರಾಸ್‌ನಲ್ಲಿ ನಿಂತು ಯಾರಾದರೂ ಬರುತ್ತಾರಾ ಅಂತ ನೋಡುತ್ತಿದ್ದ. ನನ್ನ ತಮ್ಮ ಸ್ವಲ್ಪ ದೂರದಲ್ಲಿ ಕಾಲುವೆ ಏರಿ ಮೇಲೆ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ. ಗುಮಾಸ್ತರು ಹೊರಟ ಸುದ್ದಿಯನ್ನು ಅಂಗಡಿಯಲ್ಲೇ ಕೆಲಸ ಮಾಡುವ ಒಬ್ಬ ಫೋನ್ ಮಾಡಿ ಹೇಳಿದ್ದ. ಗುಮಾಸ್ತರು ಬ್ಯಾಗ್ ಬಿಡಲಿಲ್ಲ. ಅಡ್ಡಗಟ್ಟಿದವರಲ್ಲಿ ಒಬ್ಬ ಚಾಕು ಹಾಕಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅವರು ತೀರಿಕೊಂಡರು. ನನ್ನ ತಮ್ಮನ ಪಾಲಿಗೆ ಬಂದಿದ್ದ 15 ಸಾವಿರ ರೂಪಾಯಿ ನಮ್ಮ ಮನೆಯಲ್ಲೇ ಸಿಕ್ಕಿತು. ಚಾರ್ಜ್‌ಶೀಟ್‌ನಲ್ಲಿ ಐದೂ ಜನರ ಮೇಲೆ ಕೊಲೆ, ಕೊಲೆ ಸಹಿತ ದರೋಡೆ, ಒಳಸಂಚು ಅಂತ ಹಾಕಿದ್ದಾರೆ. ತಮ್ಮ ಎ4, ಅಂದರೆ ನಾಲ್ಕನೇ ಆರೋಪಿ. ಅವನು ಯಾರನ್ನೂ ಮುಟ್ಟಿಲ್ಲ. ಊರಲ್ಲಿ ಒಬ್ಬರು ‘ಎಲ್ಲರಿಗೂ ನೇಣು’ ಅಂತಾರೆ, ಇನ್ನೊಬ್ಬರು ‘ಮುಟ್ಟಿಲ್ಲ ಅಂದ ಮೇಲೆ ಏನೂ ಆಗಲ್ಲ’ ಅಂತಾರೆ. ಅವ್ವ ಊಟ ಬಿಟ್ಟಿದ್ದಾಳೆ. ಸತ್ತವರ ಮನೆಗೆ ಹೋಗಿ ಕಾಲು ಹಿಡಿದು ರಾಜಿ ಮಾಡಿಕೊಳ್ಳೋಣ ಅಂತ ನಮ್ಮ ಮಾವ ಹೇಳುತ್ತಿದ್ದಾರೆ. ಜೈಲಿಗೆ ಹೋದಾಗ ತಮ್ಮ ಕೇಳಿದ: ‘ಅಕ್ಕಾ, ಚಾಕು ಇರೋದು ಮೊದಲೇ ಗೊತ್ತಿತ್ತಾ ಅಂತ ವಕೀಲರು ಕೇಳ್ತಿದಾರೆ, ಏನು ಹೇಳಲಿ?’ ನಾನೇನು ಹೇಳಲಿ?

ಉತ್ತರ: ತಂಗಿ, ನಿಮ್ಮ ಊರು, ತಿಂಗಳು, ಗುರುತು ಸಿಗುವಂಥ ಎಲ್ಲ ವಿವರ ತೆಗೆದು ಪ್ರಶ್ನೆ ಹಾಕಿದ್ದೇನೆ. ನಾನು ಕೊಪ್ಪಳ, ಗಂಗಾವತಿ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸ್ ನಡೆಸುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಒಂದು ಮಾತು. ನಿಮ್ಮ ಊರಿನ ಇಬ್ಬರು ಹೇಳಿದ್ದೂ ತಪ್ಪು. ಎಲ್ಲರಿಗೂ ನೇಣು ಅನ್ನುವುದೂ ತಪ್ಪು, ಮುಟ್ಟದವನಿಗೆ ಏನೂ ಆಗಲ್ಲ ಅನ್ನುವುದೂ ತಪ್ಪು. ನಿಮ್ಮ ತಮ್ಮನ ಕೇಸ್ ಎರಡರ ಮಧ್ಯೆ ಎಲ್ಲೋ ಇದೆ. ಎಲ್ಲಿದೆ ಅನ್ನುವುದು ಮುಖ್ಯವಾಗಿ ಎರಡು ವಿಷಯದ ಮೇಲೆ ನಿಂತಿದೆ. ಆ ಸಂಜೆ ಅಲ್ಲಿ ಎಷ್ಟು ಜನ ಇದ್ದರು? ನಿಮ್ಮ ತಮ್ಮನ ಮನಸ್ಸಿನಲ್ಲಿ ಏನಿತ್ತು?

‘ಮುಟ್ಟಿಲ್ಲ’ ಅನ್ನುವ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನನ್ನ ಆಫೀಸಿಗೆ ಬರುವ ಹತ್ತರಲ್ಲಿ ಎಂಟು ಮನೆಯವರು ಇದೇ ಮಾತಿನಿಂದ ಶುರು ಮಾಡುತ್ತಾರೆ. ಆದರೆ ನಮ್ಮ ಕಾನೂನು ಯಾರ ಕೈ ಮೇಲೆದ್ದಿತು ಅನ್ನುವುದನ್ನು ಮಾತ್ರ ನೋಡುವುದಿಲ್ಲ. ಕೆಲಸ ಹಂಚಿಕೊಂಡು ಮಾಡಿದ ಅಪರಾಧದಲ್ಲಿ ಹಂಚಿಕೊಂಡ ಪ್ರತಿಯೊಬ್ಬನೂ ಪೂರ್ತಿ ಕೆಲಸ ತಾನೇ ಮಾಡಿದಂತೆ. ಹಳೆಯ ಐಪಿಸಿಯಲ್ಲಿ ಇದು 34ನೇ ಸೆಕ್ಷನ್. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 3(5). ನಂಬರ್ ಬದಲಾಗಿದೆ, ತಿರುಳು ಅದೇ. ಇಬ್ಬರು ಅಡ್ಡಗಟ್ಟಲು ಧೈರ್ಯ ಮಾಡಿದ್ದು ಕ್ರಾಸ್‌ನಲ್ಲಿ ಒಬ್ಬ ಕಾಯುತ್ತಿದ್ದಾನೆ, ಏರಿ ಮೇಲೆ ಬೈಕ್ ರೆಡಿ ಇದೆ ಅನ್ನುವ ಭರವಸೆಯಿಂದ ಅಲ್ವಾ? ಕಾನೂನು ಹಿಡಿಯುವುದು ಆ ಭರವಸೆ ಕೊಟ್ಟವನನ್ನು.

ಇದಕ್ಕೆ ನೂರು ವರ್ಷದ ಹಳೆಯ ಕೇಸ್ ಒಂದಿದೆ. ಇವತ್ತಿಗೂ ಪ್ರತಿ ಕೋರ್ಟಿನಲ್ಲಿ ಅದರ ಹೆಸರು ಬರುತ್ತದೆ. 1923ರ ಆಗಸ್ಟ್‌ನಲ್ಲಿ ಕಲ್ಕತ್ತಾದ ಶಂಕರಿತೋಲಾ ಪೋಸ್ಟ್ ಆಫೀಸಿಗೆ ಕೆಲವರು ನುಗ್ಗಿದರು. ಪೋಸ್ಟ್ ಮಾಸ್ಟರ್ ಹಿಂದಿನ ಕೋಣೆಯಲ್ಲಿ ಹಣ ಎಣಿಸುತ್ತಿದ್ದರು. ಹಣ ಕೊಡು ಅಂದರು, ಗುಂಡು ಹಾರಿಸಿದರು, ಅವರು ಸತ್ತರು. ಸಿಕ್ಕಿಬಿದ್ದ ಬರೀಂದ್ರ ಕುಮಾರ್ ಘೋಷ್ ಹೇಳಿದ್ದು ಇಷ್ಟೇ: ನಾನು ಹೊರಗೆ ಅಂಗಳದಲ್ಲಿ ನಿಂತಿದ್ದೆ, ನನಗೆ ಭಯವಾಗಿತ್ತು. ಆಗ ನಮ್ಮ ಕೇಸುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1924ರಲ್ಲಿ ಆ ವಾದ ಒಪ್ಪಲಿಲ್ಲ. ಕಾಯುತ್ತಾ ನಿಂತವನೂ ಕೆಲಸದಲ್ಲಿ ಪಾಲುದಾರನೇ ಅಂತ ತೀರ್ಪಾಯಿತು. ನಿಮ್ಮ ತಮ್ಮನ ಚಾರ್ಜ್‌ಶೀಟ್ ಓದಿ ಸರ್ಕಾರಿ ವಕೀಲರು ಮೊದಲು ಹೇಳುವುದು ಇದನ್ನೇ.

ಆದರೆ ಇದೇ ಕೇಸನ್ನು ಅರ್ಧ ಓದಿದವರು ಜಾಸ್ತಿ. ಆ ಘೋಷ್ ಕೈಯಲ್ಲಿ ಪಿಸ್ತೂಲು ಇತ್ತು. ಓಡುವಾಗ ಅದರ ಸಮೇತ ಸಿಕ್ಕಿದ್ದ. ಎಲ್ಲರೂ ಪಿಸ್ತೂಲು ಹಿಡಿದು ಹಣ ಕೇಳಲು ಹೋದರೆ, ಕೊಡದಿದ್ದರೆ ಗುಂಡು ಹಾರುತ್ತದೆ ಅನ್ನುವುದು ಹೋದವರೆಲ್ಲರಿಗೂ ಗೊತ್ತಿದ್ದ ಮಾತು. ನಿಮ್ಮ ತಮ್ಮನ ಕೈಯಲ್ಲಿ ಬೈಕಿನ ಹ್ಯಾಂಡಲ್ ಬಿಟ್ಟು ಬೇರೆ ಏನೂ ಇರಲಿಲ್ಲ. ಅದು ಸಣ್ಣ ವ್ಯತ್ಯಾಸ ಅಲ್ಲ.

ಯಾಕೆಂದರೆ 3(5) ಕೇಳುವುದು ‘ಒಂದೇ ಉದ್ದೇಶ’ ಇತ್ತಾ ಅಂತ. ಯಾವ ಅಪರಾಧಕ್ಕೆ ಶಿಕ್ಷೆ ಕೊಡುತ್ತಾರೋ ಆ ಅಪರಾಧದ ಉದ್ದೇಶ. ಹಣ ಕಿತ್ತುಕೊಳ್ಳಬೇಕು ಅನ್ನುವ ಉದ್ದೇಶ ಎಲ್ಲರಿಗೂ ಇತ್ತು ಅಂದಾಕ್ಷಣ ಸಾಯಿಸಬೇಕು ಅನ್ನುವ ಉದ್ದೇಶವೂ ಎಲ್ಲರಿಗೂ ಇತ್ತು ಅಂತ ಆಗುವುದಿಲ್ಲ. ಹೊರದೇಶದ ಸಿನಿಮಾ, ಸೀರಿಯಲ್ ನೋಡಿದವರು ‘ಕಳವು ಮಾಡಲು ಹೋದಾಗ ಯಾರು ಸತ್ತರೂ ಎಲ್ಲರೂ ಕೊಲೆಗಾರರು’ ಅನ್ನುತ್ತಾರೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅಂಥ ನಿಯಮ ಇದೆ. ನಮ್ಮಲ್ಲಿ ಅದು ಸಾಮಾನ್ಯ ನಿಯಮ ಅಲ್ಲ. 1945ರಲ್ಲಿ ಮೆಹಬೂಬ್ ಷಾ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ಲೇ ಇದನ್ನು ಬಿಡಿಸಿ ಹೇಳಿತು. ಸಿಂಧೂ ನದಿ ದಂಡೆಯಲ್ಲಿ ಜೊಂಡು ಕೊಯ್ದ ಜಗಳ. ಇಬ್ಬರು ಬಂದೂಕು ಹಿಡಿದು ಬಂದರು, ಒಬ್ಬನ ಗುಂಡಿಗೆ ಒಬ್ಬ ಸತ್ತ. ಇನ್ನೊಬ್ಬನ ಮೇಲಿನ ಕೊಲೆ ಶಿಕ್ಷೆಯನ್ನು ರದ್ದು ಮಾಡಿದರು. ಇಬ್ಬರ ಮನಸ್ಸಿನಲ್ಲಿ ಒಂದೇ ಥರದ ಉದ್ದೇಶ ಇರುವುದು ಬೇರೆ, ಇಬ್ಬರೂ ಸೇರಿ ಕಟ್ಟಿಕೊಂಡ ಉದ್ದೇಶ ಬೇರೆ ಅಂತ.

ಹಾಗಾದರೆ ಮನಸ್ಸಿನಲ್ಲಿ ಏನಿತ್ತು ಅಂತ ಕೋರ್ಟಿಗೆ ಹೇಗೆ ಗೊತ್ತಾಗುತ್ತದೆ? ಯಾರ ತಲೆಯನ್ನೂ ತೆರೆದು ನೋಡಲಾಗುವುದಿಲ್ಲ. ಸುತ್ತಲಿನ ಸಂಗತಿ ನೋಡುತ್ತಾರೆ. ಚಾಕು ಎಲ್ಲರ ಮುಂದೆ ಕೊಂಡದ್ದಾ, ಒಬ್ಬನ ಸೊಂಟದಲ್ಲಿ ಮುಚ್ಚಿದ್ದಾ? ಹಿಂದಿನ ರಾತ್ರಿ ಡಾಬಾದಲ್ಲಿ ಕೂತು ಮಾತಾಡಿದಾಗ ‘ಬಿಡದಿದ್ರೆ ಹಾಕಿಬಿಡೋಣ’ ಅಂತ ಯಾರಾದರೂ ಅಂದರಾ, ಅಂದಾಗ ಉಳಿದವರು ಸುಮ್ನೆ ಇದ್ದರಾ? ಗಾಯ ಎಷ್ಟು, ಎಲ್ಲಿ? ತೊಡೆಗೆ ಒಂದು ಗಾಯ ಬೇರೆ ಕಥೆ ಹೇಳುತ್ತದೆ, ಎದೆಗೆ ಐದು ಗಾಯ ಬೇರೆ ಕಥೆ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲಿ ಬಹಳ ಮುಖ್ಯ. ಗಾಯದ ಜಾಗ ನೋಡಿ ಕೆಲವೊಮ್ಮೆ ಹೊಸ ಸಂಹಿತೆಯ 103ರ ಕೊಲೆಯೇ 105ಕ್ಕೆ, ಅಂದರೆ ಕೊಲೆಯಲ್ಲದ ನರಹತ್ಯೆಗೆ ಇಳಿಯುತ್ತದೆ. ಚಾಕು ಹಾಕಿದ್ದು ನೋಡಿದ ಮೇಲೂ ಅವರನ್ನು ಹತ್ತಿಸಿಕೊಂಡು ಬಂದನಾ ಅಂತಲೂ ಕೇಳುತ್ತಾರೆ. ಉದ್ದೇಶ ಸ್ಥಳದಲ್ಲೇ, ಒಂದು ಕ್ಷಣದಲ್ಲೂ ಹುಟ್ಟಬಹುದು. ಆದರೆ ಅದು ಹುಟ್ಟಬೇಕಾದರೆ ಅವನಿಗೆ ಅಲ್ಲಿ ನಡೆಯುತ್ತಿದ್ದದ್ದು ಕಾಣಬೇಕು, ಇಲ್ಲವೇ ಕೇಳಬೇಕು.

ಇಲ್ಲೊಂದು ಹಳೆಯ ಅನುಭವ ಹೇಳುತ್ತೇನೆ. ನಿಮ್ಮ ತಮ್ಮನಂತೆಯೇ ಏರಿ ಮೇಲೆ ಗಾಡಿ ಹಿಡಿದು ನಿಂತಿದ್ದ ಹುಡುಗ. ಪಂಚನಾಮೆ ಜೊತೆ ಪೊಲೀಸರು ಕೈಯಲ್ಲಿ ಬರೆದ ನಕ್ಷೆ ಇತ್ತು. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಗದ್ದೆ, ಮಧ್ಯೆ ರಸ್ತೆ. ‘ಅ’ ಅಂದರೆ ಶವ ಬಿದ್ದ ಜಾಗ, ‘ಇ’ ಅಂದರೆ ಹುಡುಗ ನಿಂತಿದ್ದ ಜಾಗ. ಎರಡರ ಮಧ್ಯೆ ಒಂದು ನೇರ ಗೆರೆ, ಮೇಲೆ ‘ಸುಮಾರು 120 ಅಡಿ’. ಕಾಗದದ ಮೇಲೆ ನೋಡಿದರೆ ಹುಡುಗ ಎಲ್ಲವನ್ನೂ ನೋಡಿದ್ದಾನೆ. ಒಂದು ಭಾನುವಾರ ನಾನೇ ಹೋಗಿ ‘ಇ’ ಜಾಗದಲ್ಲಿ ನಿಂತೆ. ಏರಿ ಅಲ್ಲಿ ಬಾಗುತ್ತದೆ. ಬಾಗಿದ ಕಡೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದು ನಿಂತಿದೆ. ರಸ್ತೆಯೇ ಕಾಣುವುದಿಲ್ಲ. ಪಕ್ಕದಲ್ಲಿ ತೂಬಿನಿಂದ ನೀರು ಬೀಳುವ ಸದ್ದು. ತನಿಖಾಧಿಕಾರಿಯನ್ನು ಕಟಕಟೆಯಲ್ಲಿ ಕೇಳಿದೆ: ಜಾಲಿ ಕಂಟಿ ಇದೆಯಾ? ಇದೆ. ನಕ್ಷೆಯಲ್ಲಿ ತೋರಿಸಿದ್ದೀರಾ? ಇಲ್ಲ. ಅಲ್ಲಿ ನಿಂತರೆ ಶವ ಬಿದ್ದ ಜಾಗ ಕಾಣುತ್ತದಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಗಮನಿಸಿಲ್ಲ’ ಅಂದರು. ಆ ಹುಡುಗನ ಮೇಲೆ ಕೊಲೆ ನಿಲ್ಲಲಿಲ್ಲ. ಸುಲಿಗೆಗೆ ಏಳು ವರ್ಷ ಆಯಿತು. ಅವನು ಒಳಗೆ ಹೋದ, ಆದರೆ ಹೊರಗೆ ಬರುವ ತಾರೀಕು ಗೊತ್ತಿತ್ತು.

ಆದ್ದರಿಂದ ನಿಮ್ಮ ವಕೀಲರು ಆ ಜಾಗಕ್ಕೆ ಹೋಗಿದ್ದಾರಾ ಅಂತ ಕೇಳಿ. ಹೋಗಿಲ್ಲ ಅಂದರೆ ವಿನಯದಿಂದ ಹೋಗಿ ಬರಲು ಹೇಳಿ. ನೀವಾಗಲಿ ಮನೆಯವರಾಗಲಿ ಹೋಗಿ ಅಲ್ಲಿ ಫೋಟೊ ತೆಗೆಯುತ್ತಾ, ಹೊಲದವರನ್ನು ಮಾತಾಡಿಸುತ್ತಾ ನಿಲ್ಲಬೇಡಿ.

ಈಗ ತಲೆ ಲೆಕ್ಕ. ನಿಮ್ಮ ಕೇಸಿನ ಜೀವ ಇರುವುದು ಇಲ್ಲಿ ಅಂತ ನನಗೆ ಅನಿಸುತ್ತದೆ.

ಪೇಪರಿನಲ್ಲಿ ಒಬ್ಬ ಸರ ಕಿತ್ತರೂ ದರೋಡೆ ಅಂತಲೇ ಬರೆಯುತ್ತಾರೆ. ಕಾನೂನಿನಲ್ಲಿ ಬಲ ತೋರಿಸಿ ಅಥವಾ ಹೆದರಿಸಿ ಕಿತ್ತುಕೊಂಡರೆ ಅದು ಸುಲಿಗೆ. ಅದೇ ಸುಲಿಗೆಯನ್ನು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಮಾಡಿದರೆ ದರೋಡೆ. ನಾಲ್ಕು ಜನ ಎಷ್ಟೇ ಕ್ರೂರವಾಗಿ ಮಾಡಿದರೂ ದರೋಡೆ ಆಗುವುದಿಲ್ಲ. ಈ ನಾಲ್ಕು ಮತ್ತು ಐದರ ಮಧ್ಯೆ ದೊಡ್ಡ ಕಂದಕ ಇದೆ. ದರೋಡೆ ಮಾಡುವಾಗ ಐವರಲ್ಲಿ ಯಾರೋ ಒಬ್ಬ ಕೊಲೆ ಮಾಡಿದರೂ ಐದೂ ಜನರಿಗೆ ಮರಣದಂಡನೆ, ಇಲ್ಲವೇ ಜೀವಾವಧಿ, ಇಲ್ಲವೇ ಕನಿಷ್ಠ ಹತ್ತು ವರ್ಷದ ಕಠಿಣ ಶಿಕ್ಷೆ. ಇದು 310(3), ಹಳೆಯ 396. ಇಲ್ಲಿ ಕೊಲ್ಲುವ ಉದ್ದೇಶ ನಿಮ್ಮ ತಮ್ಮನಿಗೆ ಇತ್ತಾ ಅಂತ ಕೇಳುವುದೇ ಇಲ್ಲ. ಚಾಕು ಇದ್ದದ್ದು ಗೊತ್ತಿತ್ತಾ ಅಂತಲೂ ಕೇಳುವುದಿಲ್ಲ. ದರೋಡೆಯಲ್ಲಿ ಇದ್ದನಾ, ದರೋಡೆ ನಡೆಯುವಾಗಲೇ ಕೊಲೆ ಆಯಿತಾ, ಅಷ್ಟೇ. ಮೇಲೆ ಹೇಳಿದ ಹೊರದೇಶದ ನಿಯಮಕ್ಕೆ ನಮ್ಮಲ್ಲಿ ತೀರಾ ಹತ್ತಿರ ಬರುವುದು ಈ ಸೆಕ್ಷನ್. ಹಳೆಯ ಸೆಕ್ಷನ್‌ನಲ್ಲಿ ‘ಹತ್ತು ವರ್ಷದವರೆಗೆ’ ಅಂತ ಇತ್ತು. ಹೊಸದರಲ್ಲಿ ‘ಹತ್ತು ವರ್ಷಕ್ಕೆ ಕಡಿಮೆ ಇಲ್ಲದಂತೆ’ ಅಂತ ಆಗಿದೆ. ಅಂದರೆ ಇನ್ನೂ ಬಿಗಿಯಾಗಿದೆ.

ಪೊಲೀಸರು ಯಾಕೆ ಐದು ಜನರನ್ನು ತೋರಿಸಿದ್ದಾರೆ ಅಂತ ಈಗ ಗೊತ್ತಾಯಿತಲ್ಲ? ಆದರೆ ಐದನ್ನು ಎಣಿಸುವ ರೀತಿ ಇದೆ. ಕೂಡಿ ಸುಲಿಗೆ ಮಾಡಿದವರು, ಜೊತೆಗೆ ಸ್ಥಳದಲ್ಲಿ ಹಾಜರಿದ್ದು ನೆರವಾದವರು, ಇವರನ್ನು ಸೇರಿಸಿ ಐದಾಗಬೇಕು. ಅಡ್ಡಗಟ್ಟಿದವರು ಇಬ್ಬರು. ಕ್ರಾಸ್‌ನಲ್ಲಿ ಕಾದವನು ಮೂರನೆಯವನು. ಏರಿ ಮೇಲಿದ್ದ ನಿಮ್ಮ ತಮ್ಮ ನಾಲ್ಕನೆಯವನು. ಕಾವಲು ನಿಂತವರನ್ನು ಕೋರ್ಟು ಹಾಜರಿದ್ದು ನೆರವಾದವರು ಅಂತಲೇ ಹಿಡಿಯುತ್ತದೆ. ಅಲ್ಲಿ ವಾದಕ್ಕೆ ಜಾಗ ಕಮ್ಮಿ. ಐದನೆಯವನು ಅಂಗಡಿಯಲ್ಲೇ ಕೂತು ಫೋನ್ ಮಾಡಿದವನು. ಅವನು ಒಳಸಂಚಿನಲ್ಲಿ ಇದ್ದಾನೆ, ಕುಮ್ಮಕ್ಕು ಕೊಟ್ಟಿದ್ದಾನೆ, ಎಲ್ಲ ಸರಿ. ಸ್ಥಳದಲ್ಲಿ ಹಾಜರಿದ್ದನಾ? ನನ್ನ ಓದಿನಲ್ಲಿ ಇಲ್ಲ. ಅವನನ್ನು ಬಿಟ್ಟರೆ ನಾಲ್ಕೇ ತಲೆ. ನಾಲ್ಕೇ ತಲೆ ಅಂದರೆ 310(3) ನಿಲ್ಲುವುದು ಕಷ್ಟ.

ಇದಕ್ಕೂ ಒಂದು ‘ಆದರೆ’ ಇದೆ. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರು, ಕೆಲವರು ಸಿಕ್ಕಿಲ್ಲ ಅಂತ ಸಾಕ್ಷಿಯಿಂದ ಸಾಬೀತಾದರೆ ಸಿಕ್ಕ ಮೂರು ಜನರಿಗೂ ದರೋಡೆಯ ಶಿಕ್ಷೆ ಆಗಬಹುದು. ಹಾಗಾಗಿ ಎಫ್‌ಐಆರ್ ತೆಗೆದು ನೋಡಿ. ಮೊದಲು ದೂರು ಕೊಟ್ಟವರು ಎಷ್ಟು ಜನ ಅಂದಿದ್ದಾರೆ? ‘ಇಬ್ಬರು’ ಅಂತ ಇದೆಯಾ, ‘ಐದಾರು ಮಂದಿ’ ಅಂತ ಇದೆಯಾ? ಆ ಒಂದು ಪದ ನಿಮ್ಮ ತಮ್ಮನ ಎಷ್ಟೋ ವರ್ಷಗಳನ್ನು ಹೊತ್ತುಕೊಂಡಿದೆ.

ಸರಿ, ದರೋಡೆ ಬಿದ್ದುಹೋಯಿತು, ಕೊಲೆಯ ಉದ್ದೇಶವೂ ಸಾಬೀತಾಗಲಿಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಮನೆಗೆ ಬರುತ್ತಾನೆ ಅಂದುಕೊಳ್ಳಬೇಡಿ. 309(6) ಅಂತ ಇದೆ, ಹಳೆಯ 394. ಸುಲಿಗೆ ಮಾಡುವಾಗ ಒಬ್ಬ ಗಾಯ ಮಾಡಿದರೆ ಅವನಿಗೂ, ಆ ಸುಲಿಗೆಯಲ್ಲಿ ಜೊತೆಗಿದ್ದ ಪ್ರತಿಯೊಬ್ಬನಿಗೂ ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. ಇಲ್ಲೂ ಚಾಕು ಗೊತ್ತಿರಲಿಲ್ಲ ಅನ್ನುವುದು ಬಿಡುಗಡೆ ಕೊಡುವುದಿಲ್ಲ, ಶಿಕ್ಷೆ ಕಡಿಮೆ ಮಾಡಿಸಬಹುದು ಅಷ್ಟೇ. ಇನ್ನು 311, ಹಳೆಯ 397, ಮಾರಕ ಆಯುಧ ಬಳಸಿದರೆ ಕನಿಷ್ಠ ಏಳು ವರ್ಷ ಅನ್ನುತ್ತದೆ. ಅದು ಆಯುಧ ಬಳಸಿದವನಿಗೆ ಮಾತ್ರ, ಜೊತೆಗಿದ್ದವನಿಗೆ ಅಲ್ಲ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ನಿಮ್ಮ ತಮ್ಮನ ಹೆಸರಿನ ಮುಂದೆ 311 ಹಾಕಿದ್ದರೆ ಅದನ್ನು ತೆಗೆಸಲು ಕೇಳಬಹುದು.

ಅಂಗಡಿಯಲ್ಲಿ ಕೂತು ಫೋನ್ ಮಾಡಿದವನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಇಂಥವನಿಗಾಗಿ 1860ರ ಕಾನೂನಿನಲ್ಲೇ ಒಂದು ಉದಾಹರಣೆ ಬರೆದಿಟ್ಟಿದ್ದಾರೆ. ಒಬ್ಬ ಇಬ್ಬರಿಗೆ ಆಯುಧ ಕೊಟ್ಟು ಮಧ್ಯರಾತ್ರಿ ಒಂದು ಮನೆ ಸುಲಿಯಲು ಕಳಿಸುತ್ತಾನೆ. ಮನೆಯವನು ಅಡ್ಡ ಬರುತ್ತಾನೆ, ಅವರು ಕೊಲ್ಲುತ್ತಾರೆ. ಆ ಕೊಲೆ ಆಗುವ ಸಂಭವ ಇತ್ತು ಅಂದರೆ ಕಳಿಸಿದವನಿಗೂ ಕೊಲೆಯ ಶಿಕ್ಷೆ. ಇದು ಈಗ 51ನೇ ಸೆಕ್ಷನ್. ನಿಮ್ಮ ತಮ್ಮನಿಗೂ ಒಳಸಂಚಿನ ದಾರಿಯಿಂದ ಇದನ್ನು ತರುವ ಪ್ರಯತ್ನ ಮಾಡಬಹುದು. ಆಗಲೂ ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತದೆ: ಆಯುಧ ಇದೆ ಅಂತ ಗೊತ್ತಿತ್ತಾ?

ನೇಣಿನ ಮಾತು. ಅವ್ವನಿಗೆ ಹೇಳಿ, ಮರಣದಂಡನೆ ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 1980ರಲ್ಲಿ ಬಚನ್ ಸಿಂಗ್ ಕೇಸಿನಲ್ಲಿ ಹೇಳಿದೆ. ಆಯುಧ ಹಿಡಿಯದೆ ದೂರ ನಿಂತಿದ್ದ, ಹಿಂದೆ ಯಾವ ಕೇಸೂ ಇಲ್ಲದ 23ರ ಹುಡುಗನಿಗೆ ಅದು ಬರುತ್ತದೆ ಅಂತ ನನಗೆ ಅನಿಸುವುದಿಲ್ಲ. ಊಟ ಮಾಡಲಿ. ಜೀವಾವಧಿಯ ಭಯ ಮಾತ್ರ ನಿಜ. ಜೀವಾವಧಿ ಅಂದರೆ ಹದಿನಾಲ್ಕು ವರ್ಷ ಅನ್ನುವುದು ಸುಳ್ಳು. ಅದು ಉಳಿದ ಜೀವನ ಪೂರ್ತಿ. ಕೊಲೆಯಂಥ ಕೇಸಿನಲ್ಲಿ ಹದಿನಾಲ್ಕು ವರ್ಷ ಒಳಗೆ ಕಳೆದ ಮೇಲೆ ಬಿಡುಗಡೆ ಬಗ್ಗೆ ಸರ್ಕಾರ ವಿಚಾರ ಮಾಡಬಹುದು, ಅಷ್ಟೇ. ಜೈಲಿನಲ್ಲಿ ಇನ್ನೊಂದು ಮಾತು ಓಡಾಡುತ್ತಿದೆ: ಹೊಸ ಕಾನೂನಿನಲ್ಲಿ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಜಾಮೀನು ಅಂತ. ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಕೇಸಿಗೆ ಅದು ಅನ್ವಯಿಸುವುದಿಲ್ಲ. ಆ ಆಸೆ ಇಟ್ಟುಕೊಂಡು ಕೂರಬೇಡಿ.

ಸಾಕ್ಷಿ ವಿಷಯಕ್ಕೆ ಬರುತ್ತೇನೆ. ಚಾರ್ಜ್‌ಶೀಟ್‌ನಲ್ಲಿ ನಿಮ್ಮ ತಮ್ಮನ ‘ಸ್ವಇಚ್ಛಾ ಹೇಳಿಕೆ’ ಅಂತ ಮೂರ್ನಾಲ್ಕು ಪುಟ ಇರುತ್ತದೆ. ಅದನ್ನು ಓದಿ ಮನೆಯವರು ಎದೆ ಒಡೆದುಕೊಳ್ಳುತ್ತಾರೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ಆದರೆ ‘ಹಣ ಅಟ್ಟದ ಮೇಲಿನ ಡಬ್ಬಿಯಲ್ಲಿದೆ’ ಅಂತ ಹೇಳಿ ಅಲ್ಲಿಂದಲೇ ಹಣ ಸಿಕ್ಕರೆ, ಆ ಮಾತಿನಷ್ಟು ಭಾಗ ಒಳಗೆ ಬರುತ್ತದೆ. ನಿಮ್ಮ ಮನೆಯ 15 ಸಾವಿರದ ತೂಕ ಅದು. ಸುಲಿಗೆ ಆದ ಕೂಡಲೇ ಆ ಮಾಲು ಒಬ್ಬನ ಹತ್ತಿರ ಸಿಕ್ಕರೆ, ಅವನು ಕದ್ದವನು ಅಥವಾ ಗೊತ್ತಿದ್ದೂ ಇಟ್ಟುಕೊಂಡವನು ಅಂತ ಕೋರ್ಟು ಭಾವಿಸಬಹುದು. ಆದರೆ ಅದು ಅವನನ್ನು ಸುಲಿಗೆಗೆ ಕಟ್ಟುವಷ್ಟು ಗಟ್ಟಿಯಾಗಿ ಕೊಲೆಗೆ ಕಟ್ಟುವುದಿಲ್ಲ. ಇನ್ನು ಎ1 ತನ್ನ ಹೇಳಿಕೆಯಲ್ಲಿ ‘ಎ4ಗೂ ಚಾಕು ಗೊತ್ತಿತ್ತು’ ಅಂತ ಪೊಲೀಸರ ಮುಂದೆ ಅಂದಿದ್ದರೆ ಅದೂ ಸಾಕ್ಷಿ ಅಲ್ಲ. ಫೋನ್ ಕರೆಗಳ ಪಟ್ಟಿ, ಟವರ್ ಲೊಕೇಶನ್, ರಸ್ತೆ ಬದಿ ಅಂಗಡಿಗಳ ಸಿಸಿಟಿವಿ, ಇವು ಗಟ್ಟಿ.

ಅದಕ್ಕೇ ಹೇಳುತ್ತೇನೆ, ‘ಅವತ್ತು ಅವನು ಊರಲ್ಲೇ ಇರಲಿಲ್ಲ, ಸಿಂಧನೂರಿನ ಅತ್ತೆ ಮನೆಗೆ ಹೋಗಿದ್ದ’ ಅಂತ ಸಾಕ್ಷಿ ಹುಟ್ಟಿಸಲು ಯಾರಾದರೂ ಹೇಳಿದರೆ ಕೈ ಮುಗಿದು ಕಳಿಸಿ. ಟವರ್ ಲೊಕೇಶನ್ ಮುಂದೆ ಆ ಸುಳ್ಳು ಒಂದು ಗಂಟೆ ನಿಲ್ಲುವುದಿಲ್ಲ. ಸಿಕ್ಕಿಬಿದ್ದ ಸುಳ್ಳು ಅವನ ವಿರುದ್ಧವೇ ಇನ್ನೊಂದು ಕೊಂಡಿ ಆಗುತ್ತದೆ. ‘ಇದ್ದೆ, ಆದರೆ ಇಷ್ಟಕ್ಕೇ ಇದ್ದೆ’ ಅನ್ನುವ ಒಳ್ಳೆಯ ವಾದವೂ ಅದರ ಜೊತೆ ಮುಳುಗುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳು ಇವು. ಎಲ್ಲಕ್ಕೂ ಬೆಲೆ ಇದೆ.

ಜಾಮೀನು ಮೊದಲ ದಾರಿ. ಚಾರ್ಜ್‌ಶೀಟ್ 90 ದಿನದೊಳಗೆ ಬಂತಾ ಅಂತ ತಾರೀಕು ಲೆಕ್ಕ ಹಾಕಿಸಿ. ಬಂದಿಲ್ಲದಿದ್ದು, ಬರುವ ಮೊದಲೇ ಅರ್ಜಿ ಹಾಕಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತಿತ್ತು. ಬಂದ ಮೇಲೆ ಆ ಬಾಗಿಲು ಮುಚ್ಚಿತು. ಈಗ ಸೆಷನ್ಸ್ ಕೋರ್ಟಿನಲ್ಲಿ ಕೇಳಬೇಕು, ಅಲ್ಲಿ ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ. ಕೊಪ್ಪಳ ಜಿಲ್ಲೆ ಅದಕ್ಕೇ ಸೇರುತ್ತದೆ. ಪಕ್ಕದ ರಾಯಚೂರಿನವರು ಕಲಬುರಗಿಗೆ ಹೋಗುತ್ತಾರೆ, ಬಳ್ಳಾರಿಯವರು ನಿಮ್ಮಂತೆ ಧಾರವಾಡಕ್ಕೆ. ಕೈ ಎತ್ತದವನು, ಆಯುಧ ಹಿಡಿಯದವನು ಅನ್ನುವುದು ಜಾಮೀನಿನಲ್ಲಿ ಒಳ್ಳೆಯ ಅಂಶ. ಆದರೆ ಮುಖ್ಯ ಸಾಕ್ಷಿಗಳ ವಿಚಾರಣೆ ಮುಗಿಯುವ ತನಕ ಕಾಯಿರಿ ಅನ್ನುವ ನ್ಯಾಯಾಧೀಶರೂ ಇದ್ದಾರೆ. ಹೊರಗೆ ಬಂದ ಮೇಲೆ ಒಬ್ಬ ಸಾಕ್ಷಿಗೆ ಒಂದು ಫೋನ್ ಮಾಡಿದರೂ ಜಾಮೀನು ಹೋಗುತ್ತದೆ.

ಎರಡನೆಯದು, ಆರೋಪ ಹೊರಿಸುವ ಹಂತದಲ್ಲೇ 310(3), 311 ತನಗೆ ಬರುವುದಿಲ್ಲ ಅಂತ ವಾದಿಸುವುದು. ಕೇಸ್ ಸೆಷನ್ಸ್‌ಗೆ ಒಪ್ಪಿಸಿದ 60 ದಿನದೊಳಗೆ ಬಿಡುಗಡೆ ಅರ್ಜಿ, ಅಂದರೆ ವಿಚಾರಣೆಗೆ ಮೊದಲೇ ಆರೋಪ ಕೈಬಿಡಿ ಅನ್ನುವ ಅರ್ಜಿ, ಹಾಕಬೇಕು. ಈ ಗಡುವು ಹೊಸ ಕಾನೂನಿನಲ್ಲಿ ಬಂದದ್ದು, ಮರೆಯುವವರು ಜಾಸ್ತಿ. ಇಲ್ಲಿ ತೊಂದರೆ ಏನೆಂದರೆ ಈ ಹಂತದಲ್ಲಿ ಕೋರ್ಟು ಮೇಲ್ನೋಟಕ್ಕೆ ಮಾತ್ರ ನೋಡುತ್ತದೆ. ಸೋತರೆ ನಮ್ಮ ತಲೆ ಲೆಕ್ಕದ ವಾದ ಎದುರಿನವರಿಗೆ ಮೊದಲೇ ಗೊತ್ತಾದಂತೆ. ಆದರೂ ನಾನಾಗಿದ್ದರೆ ಈ ಕೇಸಿನಲ್ಲಿ ವಾದಿಸುತ್ತಿದ್ದೆ. ಕಾಗದದ ಮೇಲೆಯೇ ಕಾಣುವ ಅಂಶವನ್ನು ಮೂರು ವರ್ಷ ಬಚ್ಚಿಟ್ಟು ಏನು ಲಾಭ?

ಮೂರನೆಯದು ಮಾಫಿ ಸಾಕ್ಷಿ ಆಗುವುದು. ಇದನ್ನು ಯಾರೋ ನಿಮ್ಮ ಕಿವಿಯಲ್ಲಿ ಈಗಾಗಲೇ ಹೇಳಿರಬಹುದು. ತನ್ನ ಪಾತ್ರ ಸೇರಿಸಿ ಇಡೀ ನಿಜ ಹೇಳುತ್ತೇನೆ ಅಂದರೆ ಕೋರ್ಟು ಕ್ಷಮೆ ಕೊಡಬಹುದು. ಕೊಟ್ಟೇ ಕೊಡಬೇಕು ಅಂತ ಇಲ್ಲ. ಸರ್ಕಾರಿ ವಕೀಲರಿಗೆ ಅವನ ಸಾಕ್ಷಿ ಬೇಕು ಅನಿಸಬೇಕು. ಜಾಮೀನಿನ ಮೇಲೆ ಇಲ್ಲದಿದ್ದರೆ ವಿಚಾರಣೆ ಮುಗಿಯುವ ತನಕ ಜೈಲಿನಲ್ಲೇ ಇರಬೇಕು. ಕಟಕಟೆಯಲ್ಲಿ ಒಂದು ಮಾತು ಮುಚ್ಚಿಟ್ಟರೆ, ತಿರುಚಿದರೆ ಕ್ಷಮೆ ಹೋಗಿ ಮೂಲ ಕೇಸ್ ಮತ್ತೆ ಅವನ ಮೇಲೆ ನಡೆಯಬಹುದು, ಅವನದೇ ಹೇಳಿಕೆ ಅವನ ವಿರುದ್ಧ ಬರುತ್ತದೆ. ಇಷ್ಟೆಲ್ಲ ಕಾಗದದ ಮಾತು. ಅದರಾಚೆ, ಅದೇ ಊರಿನ ನಾಲ್ಕು ಹುಡುಗರ ವಿರುದ್ಧ ಸಾಕ್ಷಿ ಹೇಳಿ ಅದೇ ಊರಲ್ಲಿ ಅವ್ವನ ಜೊತೆ ಬದುಕಬೇಕು. ಇದನ್ನು ನೀವು, ಅವನು, ವಕೀಲರು ಮೂವರೇ ಕೂತು ವಿಚಾರ ಮಾಡಿ. ಪೊಲೀಸ್ ಸ್ಟೇಷನ್ನಿನಲ್ಲಿ ನಿಂತು ತೀರ್ಮಾನ ಮಾಡಬೇಡಿ.

ನಾಲ್ಕನೆಯದು ನೇರ ವಿಚಾರಣೆ ಎದುರಿಸುವುದು. ಎಲ್ಲ ಐವರಿಗೂ ಒಬ್ಬರೇ ವಕೀಲರು ಅಂತ ಮಾತ್ರ ಮಾಡಬೇಡಿ. ಖರ್ಚು ಉಳಿಯುತ್ತದೆ ಅಂತ ಊರವರು ಹಾಗೇ ಮಾಡುತ್ತಾರೆ. ಚಾಕು ಹಾಕಿದವನಿಗೂ ದೂರ ನಿಂತವನಿಗೂ ಒಂದೇ ವಾದ ಹೊಂದುವುದಿಲ್ಲ. ‘ಯಾರೂ ಇರಲಿಲ್ಲ’ ಅನ್ನುವ ವಾದ ಎ1ಗೆ ಅನುಕೂಲ, ನಿಮ್ಮ ತಮ್ಮನಿಗೆ ಕುತ್ತು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. 1987ರ ಕಾನೂನಿನಲ್ಲೇ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ನಿಮ್ಮ ಮಾವನವರ ರಾಜಿಯ ಮಾತು. ದಯವಿಟ್ಟು ಬೇಡ. ಕೊಲೆ, ಸುಲಿಗೆ ರಾಜಿಯಾಗುವ ಕೇಸುಗಳಲ್ಲ. ಅವರ ಮನೆಯವರು ಬರೆದುಕೊಟ್ಟರೂ ಕೇಸ್ ಮುಗಿಯುವುದಿಲ್ಲ. ನೀವು ಹೋದದ್ದು ಸಾಕ್ಷಿ ಕೆಡಿಸಲು ಹೋದಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೇರೆಯವರ ಹಣದ ಬ್ಯಾಗನ್ನು ಎದೆಗವಚಿಕೊಂಡು ಪ್ರಾಣ ಬಿಟ್ಟ ಮನುಷ್ಯ ಅವರು. ಅಂಥವರ ಹೆಂಡತಿ ಕೋರ್ಟಿನ ವರಾಂಡದಲ್ಲಿ ಬೆಳಗಿನಿಂದ ಸಂಜೆವರೆಗೆ ಒಂದು ಚೀಲ ಹಿಡಿದು ಕೂತಿದ್ದನ್ನು ನಾನು ಬೇರೆ ಬೇರೆ ಕೇಸುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆ ಬಾಗಿಲಿಗೆ ಈಗ ನಿಮ್ಮ ಮನೆಯವರು ಹೋಗಿ ನಿಲ್ಲುವುದು ಅವರಿಗೆ ಇನ್ನೊಂದು ಗಾಯ. ಅವರ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಂತ್ರಸ್ತರ ಪರಿಹಾರಕ್ಕೆ ಅದೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ತೀರ್ಪಿನ ತನಕ ಕಾಯಬೇಕಿಲ್ಲ, ಮಧ್ಯಂತರ ಪರಿಹಾರವನ್ನೂ ಕೇಳಬಹುದು.

ಕೊನೆಗೆ ತಮ್ಮ ಕೇಳಿದ ಪ್ರಶ್ನೆ. ಚಾಕು ಗೊತ್ತಿತ್ತಾ ಅಂತ ವಕೀಲರು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಲಿ. ಗೊತ್ತಿದ್ದರೆ ಗೊತ್ತಿತ್ತು, ಇಲ್ಲದಿದ್ದರೆ ಇಲ್ಲ. ವಕೀಲರಿಗೆ ಹೇಳಿದ್ದು ಕಾನೂನಿನ ರಕ್ಷಣೆಯಲ್ಲಿ ಇರುತ್ತದೆ, ಅವರನ್ನು ಕರೆದು ‘ನಿನ್ನ ಕಕ್ಷಿದಾರ ಏನು ಹೇಳಿದ’ ಅಂತ ಯಾರೂ ಕೇಳುವಂತಿಲ್ಲ. ಗೊತ್ತಿತ್ತು ಅಂತ ತಿಳಿದರೂ ಅವರು ಕೇಸ್ ನಡೆಸಬಹುದು. ಸರ್ಕಾರ ಅದನ್ನು ಸಾಬೀತು ಮಾಡಲಿ ಅಂತ ಕೇಳುವ ಹಕ್ಕು ನಿಮ್ಮ ತಮ್ಮನಿಗೆ ಆಗಲೂ ಇದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕು ಅಂತ ಅವನನ್ನು ಯಾರೂ ಒತ್ತಾಯಿಸುವಂತಿಲ್ಲ. ನಿಜ ತಿಳಿದ ವಕೀಲರು ಯಾವ ಸಾಕ್ಷಿಗೆ ಯಾವ ಪ್ರಶ್ನೆ ಕೇಳಬಾರದು ಅಂತ ಗೊತ್ತುಮಾಡಿಕೊಳ್ಳುತ್ತಾರೆ. ಸುಳ್ಳು ನಂಬಿದ ವಕೀಲರು ಆ ಪ್ರಶ್ನೆಯನ್ನೇ ಕೇಳಿ ಕೇಸ್ ಕೆಡಿಸುತ್ತಾರೆ.

ಜೈಲಿನ ಸಂಗಾತಿಗಳಿಗೆ ಹೇಳಬಾರದು. ಫೋನಿನಲ್ಲಿ ಹೇಳಬಾರದು. ನಿಮಗೂ ಹೇಳಬಾರದು, ತಂಗಿ. ವಕೀಲರಿಗೆ ಇರುವ ರಕ್ಷಣೆ ಅಕ್ಕನಿಗೆ ಇಲ್ಲ. ನಾಳೆ ಸಮನ್ಸ್ ಬಂದರೆ ನೀವು ಪ್ರಮಾಣ ಮಾಡಿ ನಿಜ ಹೇಳಬೇಕಾಗುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಅವನಿಗೆ ಗೊತ್ತಿತ್ತೋ ಇಲ್ಲವೋ ಅಂತ ನೀವು ಬರೆದಿಲ್ಲ. ಒಳ್ಳೆಯದಾಯಿತು. ಮುಂದಿನ ಸಲ ಜೈಲಿಗೆ ಹೋದಾಗ ಅವನು ಬಾಯಿ ತೆರೆದರೆ, ಅವ್ವ ಈಗ ಊಟ ಮಾಡುತ್ತಿದ್ದಾಳೆ ಅಂತ ಹೇಳಿ ಮಾತು ಬದಲಿಸಿ.